ತಪ್ಪೇ ದಾಖಲಾಗದ ಆಸ್ಪತ್ರೆ ಹೆಚ್ಚು ಸುರಕ್ಷಿತವೇ?

‘ಈ ಆಸ್ಪತ್ರೆಯಲ್ಲಿ ಇದುವರೆಗೆ ಒಂದೂ ತಪ್ಪಾಗಿಲ್ಲ.’ ‘ತಪ್ಪು ಮಾಡಿದ ನರ್ಸನ್ನು ಕೆಲಸದಿಂದ ತೆಗೆಯಿರಿ, ಎಲ್ಲ ಸರಿಹೋಗುತ್ತದೆ.’ ಇಂಥ ಸಂದೇಶಗಳು ನಮ್ಮೆಲ್ಲರ ವಾಟ್ಸಾಪ್ ಗುಂಪುಗಳಿಗೂ ಬರುತ್ತವೆ. ಓದಿದ ಕೂಡಲೇ ಸರಿ ಎನ್ನಿಸುತ್ತದೆ. ಆದರೆ ಸಂಶೋಧನೆಗಳು ಹೇಳುವುದೇ ಬೇರೆ.

ತಲೆಕೆಳಗಾದ ಲೆಕ್ಕ

1990ರ ದಶಕದಲ್ಲಿ ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್, ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ಹೊಂದಾಣಿಕೆಯ ತಂಡಗಳಲ್ಲಿ ತಪ್ಪು ಕಡಿಮೆ ಎಂಬುದು ಅವರ ಎಣಿಕೆಯಾಗಿತ್ತು. ಆದರೆ ಅಂಥ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು! ಕಾರಣ ಹುಡುಕಿದಾಗ ತಿಳಿದದ್ದಿಷ್ಟು: ಅಲ್ಲಿನವರು ತಪ್ಪನ್ನು ಹೆದರದೆ ಹೇಳಿಕೊಳ್ಳುತ್ತಿದ್ದರು. ಬೈಗುಳದ ಭಯವಿದ್ದ ಕಡೆ ತಪ್ಪು ಮುಚ್ಚಿಹೋಗುತ್ತಿತ್ತು. ಮುಚ್ಚಿಟ್ಟ ತಪ್ಪು ಮರುಕಳಿಸುತ್ತದೆ.

‘ಸರ್‌ಗೆ ಹೇಗೆ ಹೇಳೋದು?’

2005ರಲ್ಲಿ ಇಂಗ್ಲೆಂಡಿನಲ್ಲಿ ಮಹಿಳೆಯೊಬ್ಬರು ಸೈನಸ್‌ನ ಸಾಮಾನ್ಯ ಶಸ್ತ್ರಚಿಕಿತ್ಸೆಗೆ ದಾಖಲಾದರು. ಅರಿವಳಿಕೆ ಕೊಟ್ಟ ಮೇಲೆ ಉಸಿರಾಟದ ದಾರಿ ಕಟ್ಟಿಕೊಂಡಿತು. ಅನುಭವಿ ವೈದ್ಯರು ಗಂಟಲಿಗೆ ನಳಿಕೆ ಇಳಿಸಲು ಮತ್ತೆ ಮತ್ತೆ ಪ್ರಯತ್ನಿಸುತ್ತಲೇ ಇದ್ದರು. ಕತ್ತಿನ ಮೂಲಕ ಉಸಿರಾಟಕ್ಕೆ ದಾರಿ ಮಾಡುವ ಸಲಕರಣೆಯನ್ನು ನರ್ಸ್ ಒಬ್ಬರು ತಂದಿಟ್ಟು, ಸಿದ್ಧವಿದೆ ಎಂದಿದ್ದರು. ಆ ಮಾತು ಯಾರ ಕಿವಿಗೂ ಬೀಳಲಿಲ್ಲ. ಇನ್ನೂ ಗಟ್ಟಿಯಾಗಿ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಕೆಲವೇ ದಿನಗಳಲ್ಲಿ ಆ ಮಹಿಳೆ ತೀರಿಕೊಂಡರು. ಅವರ ಪತಿ ಮಾರ್ಟಿನ್ ಬ್ರೋಮಿಲಿ ವಿಮಾನ ಪೈಲಟ್. ಅವರು ಶಿಕ್ಷೆಗಾಗಿ ಪಟ್ಟು ಹಿಡಿಯಲಿಲ್ಲ. ವಿಮಾನ ಅಪಘಾತದ ತನಿಖೆಯಂತೆ ಇಲ್ಲೂ ಕಾರಣ ಹುಡುಕಿ, ಎಲ್ಲರೂ ಪಾಠ ಕಲಿಯಲಿ ಎಂದರು.

ಪಟ್ಟಿ ಇದ್ದರೆ ಸಾಕೇ?

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆ ಸುರಕ್ಷತಾ ಪಟ್ಟಿಯೊಂದನ್ನು ತಂದಿತು. ಚರ್ಮ ಕೊಯ್ಯುವ ಮೊದಲು ತಂಡದ ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸ ಹೇಳಬೇಕು ಎಂಬುದೂ ಅದರಲ್ಲಿದೆ. ಒಮ್ಮೆ ಬಾಯಿಬಿಟ್ಟವರಿಗೆ ಮುಂದೆ ಅಪಾಯ ಕಂಡಾಗ ಮಾತಾಡುವುದು ಸುಲಭ. ನವದೆಹಲಿಯೂ ಸೇರಿದಂತೆ 8 ನಗರಗಳ ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗ ಶಸ್ತ್ರಚಿಕಿತ್ಸೆಯ ನಂತರದ ಸಾವು ಶೇ 1.5ರಿಂದ ಶೇ 0.8ಕ್ಕೆ ಇಳಿಯಿತು. ಆದರೆ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಪಟ್ಟಿ ಜಾರಿಗೆ ಬಂದ ಮೇಲೂ ಸಾವಿನ ಪ್ರಮಾಣ ಹೇಳಿಕೊಳ್ಳುವಷ್ಟು ತಗ್ಗಲಿಲ್ಲ ಎಂದು 2014ರ ಅಧ್ಯಯನ ತೋರಿಸಿತು. ಕಾಗದದ ಮೇಲೆ ಟಿಕ್ ಹಾಕಿದ ಮಾತ್ರಕ್ಕೆ ಮನಸ್ಸಿನ ಹೆದರಿಕೆ ಹೋಗುವುದಿಲ್ಲ.

ಹಾಗಾದರೆ ಯಾರಿಗೂ ಶಿಕ್ಷೆ ಬೇಡವೇ?

ಬೇಕು. ಗೊತ್ತಿದ್ದೂ ಮಾಡಿದ ನಿರ್ಲಕ್ಷ್ಯಕ್ಕೆ ಕ್ರಮ ಆಗಲೇಬೇಕು. ಆದರೆ ಒಂದೇ ಥರ ಕಾಣುವ ಎರಡು ಔಷಧದ ಬಾಟಲಿಗಳನ್ನು ಅಕ್ಕಪಕ್ಕ ಇಟ್ಟು, ಡಬಲ್ ಡ್ಯೂಟಿಯಲ್ಲಿ ದಣಿದ ನರ್ಸನ್ನು ಮಾತ್ರ ತೆಗೆದುಹಾಕಿದರೆ, ಬಾಟಲಿಗಳು ಅಲ್ಲೇ ಇರುತ್ತವೆ.

ನಾವೇನು ಮಾಡಬಹುದು?

ಸಿಸ್ಟರ್ ಎರಡನೇ ಸಲ ಹೆಸರು ಕೇಳಿದರೆ ರೇಗಬೇಡಿ. ಅದು ನಿಮ್ಮ ಸುರಕ್ಷತೆಗೇ. ಕೊಡುತ್ತಿರುವ ಔಷಧ ಯಾವುದು, ಯಾಕೆ ಎಂದು ನೀವೂ ಕೇಳಿ. ಅನುಮಾನ ಬಂದರೆ ಸಂಕೋಚ ಬಿಟ್ಟು ಹೇಳಿ. ‘ಇವರೇ ಕೊಂದದ್ದು’ ಎಂಬ ವಿಡಿಯೊ ಬಂದರೆ, ತನಿಖೆ ಮುಗಿಯುವ ಮುನ್ನ ಫಾರ್ವರ್ಡ್ ಮಾಡಬೇಡಿ. ಅದನ್ನು ನೋಡಿ ಹೆದರಿದ ಇನ್ನೊಬ್ಬ ನರ್ಸ್, ನಾಳೆ ನಮ್ಮವರ ವಿಷಯದಲ್ಲೇ ತಪ್ಪನ್ನು ಹೇಳದೆ ಉಳಿಯಬಹುದು.