ಕ್ಯಾಮೆರಾ ಮೇಳದ ಕಡೆಗೂ ತಿರುಗಲಿ

ಸಿ. ಅಶ್ವತ್ಥ್ ತೀರಿಕೊಂಡು ಹದಿನೈದು ವರ್ಷ ದಾಟಿದೆ. 'ಕನ್ನಡವೇ ಸತ್ಯ' ಕಾರ್ಯಕ್ರಮದ ವಿಡಿಯೊ ನೋಡುವವರು ಮಾತ್ರ ಕಡಿಮೆಯಾಗಿಲ್ಲ. 2005ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದ ಹಾಡುಗಳು ಇವತ್ತಿಗೂ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿವೆ. ಸಂಕೇಶ್ವರದಂಥ ಗಡಿಯೂರಿನಲ್ಲಿ ರಾಜ್ಯೋತ್ಸವದ ಪೆಂಡಾಲು ಹಾಕಿದರೆ ಮೈಕಿನಲ್ಲಿ ಮೊದಲು ಕೇಳುವ ದನಿಗಳಲ್ಲಿ ಅಶ್ವತ್ಥರದ್ದೂ ಒಂದು.

ಆ ವಿಡಿಯೊ ನೋಡಿದವರ ಮಾತು ಎರಡು ತೆರನಾಗಿರುತ್ತದೆ. ಅರವತ್ತೈದರ ಗಾಯಕ ಎದೆ ಬಿರಿಯುವಂತೆ ಮೇಲಿನ ಸ್ಥಾಯಿಗೆ ಏರುವುದನ್ನೂ ಎದುರಿಗೆ ಕಣ್ಣು ಹಾಯುವಷ್ಟು ದೂರ ಜನ ನೆರೆದಿರುವುದನ್ನೂ ಕಂಡು ಬೆರಗಾಗುವವರು ಹೆಚ್ಚು. ಭಜನಾ ಮೇಳಗಳಲ್ಲಿ ಪಳಗಿದವರ ಮಾತು ಬೇರೆ. ಪದ ಶಿಶುನಾಳ ಶರೀಫರದ್ದೇ, ದಾಟಿ ನಮ್ಮದಲ್ಲ ಎನ್ನುತ್ತಾರೆ ಅವರು. ಈ ಎರಡನೆಯ ಮಾತನ್ನು ಹಳಬರ ಗೊಣಗಾಟ ಎಂದು ಪಕ್ಕಕ್ಕೆ ಸರಿಸುವುದು ಸರಿಯಲ್ಲ. ಅದರಲ್ಲಿ ಒಂದು ಲೆಕ್ಕಾಚಾರವಿದೆ.

ನಮ್ಮ ಕಡೆಯ ಭಜನೆಯಲ್ಲಿ ತತ್ವಪದ ಒಬ್ಬರ ಹಾಡಾಗಿ ಉಳಿಯುವುದಿಲ್ಲ. ಮುಂದಿನವರು ಒಂದು ನುಡಿ ಎತ್ತುತ್ತಾರೆ, ಹಿಂದಿನವರು ಅದನ್ನು ಹಿಡಿದು ತಿರುಗಿಸುತ್ತಾರೆ. ಪೇಟಿಯವರು ದನಿ ಬಿಡದಂತೆ ಕಾಯುತ್ತಾರೆ. ದಿಮ್ಮಡಿ, ತಾಳ ನಿಧಾನವಾಗಿ ಶುರುವಾಗಿ ನಾಲ್ಕೈದು ಸುತ್ತಿನ ಹೊತ್ತಿಗೆ ಓಟಕ್ಕೆ ಬೀಳುತ್ತವೆ. ನಡುವೆ ಹಿರಿಯರೊಬ್ಬರು ಪದ ನಿಲ್ಲಿಸಿ ಅದರ ಒಳಗುಟ್ಟು ಬಿಡಿಸುತ್ತಾರೆ. ಮತ್ತೆ ಅಲ್ಲಿಂದಲೇ ಎತ್ತಿಕೊಳ್ಳುತ್ತಾರೆ. ಒಂದು ಪದಕ್ಕೆ ಕಾಲು ಗಂಟೆ ಹಿಡಿದರೂ ಕೇಳುವವರಿಗೆ ಅವಸರವಿಲ್ಲ. ಗಡಿಭಾಗವಾದ್ದರಿಂದ ಕನ್ನಡದ ತತ್ವಪದದ ಬೆನ್ನಿಗೆ ಮರಾಠಿ ಅಭಂಗವೂ ಬರುವುದುಂಟು. ಈ ಕೇಳ್ಮೆಯಲ್ಲಿ ಬೆಳೆದವರಿಗೆ ಐದು ನಿಮಿಷದಲ್ಲಿ ಮುಗಿಯುವ, ವಾದ್ಯವೃಂದ ಮೊದಲೇ ಗೆರೆ ಎಳೆದಿಟ್ಟ ಹಾಡು ಬೇರೆಯದಾಗಿಯೇ ಕೇಳುತ್ತದೆ.

ಹಾಗೆಂದು ದೂರನ್ನು ಅಶ್ವತ್ಥರ ತಲೆಗೆ ಕಟ್ಟಲಾಗದು. ಶಿಶುನಾಳದ ಸುತ್ತಮುತ್ತಲಿನ ಮಠ, ಕಟ್ಟೆಗಳಲ್ಲಿ ಹಾಡಿಕೊಳ್ಳುತ್ತಿದ್ದ ಪದಗಳನ್ನು ಇಡೀ ನಾಡಿನ ಬಾಯಿಗೆ ತಂದವರಲ್ಲಿ ಅವರೇ ದೊಡ್ಡವರು. 1990ರಲ್ಲಿ ತೆರೆಗೆ ಬಂದ ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರಕ್ಕೆ ಅವರ ಸಂಗೀತವೇ ಉಸಿರು. ಆಮೇಲೆ ರಘು ದೀಕ್ಷಿತ್ ಅದೇ ಶರೀಫರನ್ನು ಗಿಟಾರು, ಡ್ರಮ್ಮಿನ ಜೊತೆ ಹೊರದೇಶದ ವೇದಿಕೆಗಳಿಗೆ ಒಯ್ದರು. ಈ ಹಾಡಿಕೆಗಳನ್ನು ನಾನು ಮನಸಾರೆ ಮೆಚ್ಚುತ್ತೇನೆ. ನನ್ನ ತಕರಾರು ದಾಖಲೆಯ ಬಗ್ಗೆ. ಅಚ್ಚುಕಟ್ಟಾಗಿ ಚಿತ್ರೀಕರಣವಾಗಿದ್ದು ಒಂದೇ ಬಗೆಯಾದರೆ ಮುಂದಿನವರಿಗೆ ಅದೇ ಮೂಲವಾಗುತ್ತದೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು ಅದನ್ನೇ ಕಲಿತು ಹಾಡುತ್ತಾರೆ, ಸ್ಪರ್ಧೆಯ ತೀರ್ಪುಗಾರರು ಅದನ್ನೇ ಅಳತೆಗೋಲು ಮಾಡಿಕೊಳ್ಳುತ್ತಾರೆ. ಅಜ್ಜನಿಂದ ಬಂದ ದಾಟಿಯಲ್ಲಿ ಹಾಡಿದ ಹುಡುಗ ತಪ್ಪು ಹಾಡಿದ ಅನ್ನಿಸಿಕೊಳ್ಳುತ್ತಾನೆ.

ಬೇರೆ ಬಗೆಯ ಚಿತ್ರೀಕರಣಕ್ಕೊಂದು ಉದಾಹರಣೆ ಇದೆ. 'ಕನ್ನಡವೇ ಸತ್ಯ' ನಡೆದ ಅದೇ 2005ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಇನ್ನೊಬ್ಬ ಹಿರಿಯ ಹಾಡುಗಾರನ ಕಛೇರಿ ಚಿತ್ರೀಕರಣವಾಯಿತು. ಜನಪದ ಮತ್ತು ರಾಕ್ ಎರಡನ್ನೂ ಬೆರೆಸಿದ ನೀಲ್ ಯಂಗ್ ಆಗಷ್ಟೇ ಮೆದುಳಿನ ರಕ್ತನಾಳದ ತೊಂದರೆಗೆ ಚಿಕಿತ್ಸೆ ಪಡೆದು ಎದ್ದಿದ್ದರು, ತಂದೆಯನ್ನು ಕಳೆದುಕೊಂಡಿದ್ದರು. ಜೊನಾಥನ್ ಡೆಮ್ಮಿ ನಿರ್ದೇಶಿಸಿದ 'ಹಾರ್ಟ್ ಆಫ್ ಗೋಲ್ಡ್' ಮರುವರ್ಷ ತೆರೆ ಕಂಡಾಗ ಅಲ್ಲಿಯೂ ಮಾತು ಇಬ್ಭಾಗವಾಯಿತು. ತೀರಾ ಶಾಂತ, ತೀರಾ ಭಕ್ತಿಯ ಚಿತ್ರ ಎಂದರು ಕೆಲವರು. ಇಷ್ಟು ಹತ್ತಿರದಿಂದ ಹಾಡುಗಾರನನ್ನು ನೋಡಿರಲಿಲ್ಲ ಎಂದರು ಹಲವರು. ಡೆಮ್ಮಿ ಪ್ರೇಕ್ಷಕರ ಮುಖ ತೋರಿಸುವ ಗೋಜಿಗೆ ಹೆಚ್ಚು ಹೋಗಲಿಲ್ಲ. ಕ್ಯಾಮೆರಾ ವೇದಿಕೆಯ ಮೇಲೆಯೇ ನಿಂತಿತು. ಹಾಡುಗಾರನ ಕೈಯಲ್ಲಿ ಒಂದು ಕಾಲಕ್ಕೆ ಹ್ಯಾಂಕ್ ವಿಲಿಯಮ್ಸ್ ನುಡಿಸಿದ್ದ ಗಿಟಾರು, ಪಕ್ಕದಲ್ಲಿ ಹಲವು ವರ್ಷಗಳ ಒಡನಾಡಿಗಳು. ಜೊತೆಯವರ ಕಡೆ ಆತ ತಿರುಗಿ ನೋಡುವ ನೋಟದಲ್ಲೇ ಹಾಡು ಹೇಗೆ ಕೂಡಿಬರುತ್ತದೆ ಎಂಬುದು ನಮಗೆ ಕಾಣುತ್ತದೆ. ಎಷ್ಟು ಜನ ಸೇರಿದ್ದರು ಎಂಬುದನ್ನು ಹೇಳುವ ಚಿತ್ರೀಕರಣ ನಮ್ಮಲ್ಲಿ ಬೇಕಾದಷ್ಟಿದೆ. ಹಿಮ್ಮೇಳವನ್ನು ಇಷ್ಟು ಗೌರವದಿಂದ ಕಾಣಿಸುವುದು ಅಪರೂಪ.

ಮಾದರಿಗೆ ಅಷ್ಟು ದೂರ ಹೋಗಬೇಕೆಂದೂ ಇಲ್ಲ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರ ಕಬೀರ ಗಾಯನದ ಜಾಡು ಹಿಡಿದು ಶಬ್ನಮ್ ವಿರ್ಮಾನಿ 'ಕೋಯಿ ಸುನತಾ ಹೈ' ಮಾಡಿದರು. ದೊಡ್ಡ ಗವಾಯಿಯ ದನಿಯೂ ಮಾಳವದ ಹಳ್ಳಿ ಹಾಡುಗಾರರ ದನಿಯೂ ಆ ಚಿತ್ರದಲ್ಲಿ ಒಂದರ ಪಕ್ಕ ಒಂದು ಬರುತ್ತವೆ. ಯಾವುದೂ ಇನ್ನೊಂದನ್ನು ಅಳಿಸುವುದಿಲ್ಲ.

ನಮ್ಮ ಬೆಳಗಾವಿ ಸೀಮೆಗೆ ಅಂಥ ಕೆಲಸ ತೀರ ಬೇಕಾಗಿದೆ. ಶ್ರೀಕೃಷ್ಣ ಪಾರಿಜಾತಕ್ಕೆ ರಂಗದ ರೂಪ ಕೊಟ್ಟ ತಮ್ಮಣ್ಣನ ಕುಲಗೋಡ, ಆ ಆಟಕ್ಕೆ ಹೆಸರು ತಂದ ನಿಂಗಮ್ಮನ ಕೌಜಲಗಿ ಎರಡೂ ಇದೇ ಸೀಮೆಯವು. ಪಾರಿಜಾತ ರಾತ್ರಿ ಬೆಳಗಾಗುವ ತನಕ ಆಡುವ ಆಟ. ಅದರ ಜೀವವಿರುವುದು ಹಾಡು ಮತ್ತು ಮಾತಿನ ನಡುವಣ ಜಗ್ಗಾಟದಲ್ಲಿ. ಸರಕಾರಿ ಉತ್ಸವಗಳಲ್ಲಿ ತಂಡಕ್ಕೆ ಸಿಗುವುದು ಅರ್ಧ ಗಂಟೆ. ಸತ್ಯಭಾಮೆಯ ಮುನಿಸು ಏರುವ ಮೊದಲೇ ಆಟ ಮುಗಿಸಬೇಕು. ಕೊನೆಗೆ ಕಡತಕ್ಕೆ ಸೇರುವುದೂ ಆ ಅರ್ಧ ಗಂಟೆಯೇ. ಮುರಗೋಡದ ಬಾಳಪ್ಪ ಹುಕ್ಕೇರಿಯವರನ್ನು ಸಾವಿರ ಹಾಡಿನ ಸರದಾರ ಎಂದು ನಾಡು ಕರೆಯಿತು. ಸ್ವಾತಂತ್ರ್ಯ ಚಳವಳಿಯ ದಿನಗಳಲ್ಲಿ ಬೀದಿ ಬೀದಿಯಲ್ಲಿ ಹಾಡಿದ ಅವರನ್ನು ಇಂದಿನ ಹುಡುಗರಿಗೆ ಪರಿಚಯಿಸಲು ಕೂತರೆ, ಅವರು ಕೇಳುಗರ ನಡುವೆ ನಿಂತು ಹಾಡುತ್ತಿದ್ದ ಬಗೆಯನ್ನು ಹಿರಿಯರ ನೆನಪಿನಿಂದಲೇ ಹೇಳಬೇಕಾಗುತ್ತದೆ.

ಬಯಲಾಟ ಅಕಾಡೆಮಿ ಬಾಗಲಕೋಟೆಯಲ್ಲೇ ಇದೆ, ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ವರ್ಷಕ್ಕೆ ಒಂದು ಹಿರಿಯ ಮೇಳವನ್ನು ಆರಿಸಿಕೊಳ್ಳಲಿ. ಬೆಂಗಳೂರಿಗೆ ಕರೆಸುವುದು ಬೇಡ, ಅವರ ಊರಿನ ಗುಡಿಯ ಮುಂದೆಯೇ ಇಡೀ ರಾತ್ರಿಯನ್ನು ಚಿತ್ರೀಕರಿಸಲಿ. ಪೇಟಿಗೊಂದು, ಹಿಮ್ಮೇಳಕ್ಕೊಂದು ಬೇರೆ ಮೈಕು ಇಡಲಿ. ಹಾಡಿನ ಅರ್ಥ ಬಿಡಿಸುವ ಮಾತನ್ನು ಸಂಕಲನದಲ್ಲಿ ಕತ್ತರಿಸದಿರಲಿ. ದುಡ್ಡಿನ ವಿಷಯವನ್ನೂ ಮೊದಲೇ ಬರೆದುಕೊಳ್ಳಬೇಕು. ಈಗ ಜಾತ್ರೆಯಲ್ಲಿ ಯಾರೋ ಮೊಬೈಲು ಹಿಡಿದು ಚಿತ್ರೀಕರಿಸಿದ ಪದ ಯಾವುದೋ ಚಾನೆಲ್ಲಿನ ಹೆಸರಿನಲ್ಲಿ ಓಡಾಡುತ್ತದೆ, ಹಾಡಿದವರ ಹೆಸರು, ಊರು ಎರಡೂ ಇರುವುದಿಲ್ಲ. ಅಕಾಡೆಮಿ ಮಾಡುವ ಚಿತ್ರದಲ್ಲಿ ತಾಳ ಹಾಕಿದವರ ತನಕ ಎಲ್ಲರ ಹೆಸರೂ ಬರಬೇಕು, ಅದರಿಂದ ಬರುವ ಹಣದಲ್ಲಿ ಮೇಳಕ್ಕೂ ಪಾಲಿರಬೇಕು, ಒಂದು ಪ್ರತಿ ಆ ಊರಿನ ಗ್ರಂಥಾಲಯದಲ್ಲಿ ಉಳಿಯಬೇಕು.