ಮಿದುಳಲ್ಲಿ ಸಿಕ್ಕ ಹುಳು ಯಾರ ಮನೆಯದು?

2022ರ ಜೂನ್. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ 64 ವರ್ಷದ ಮಹಿಳೆಯೊಬ್ಬರಿಗೆ ಮಿದುಳಿನ ಆಪರೇಷನ್. ಸ್ಕ್ಯಾನ್‌ನಲ್ಲಿ ಕಂಡದ್ದು ಏನೆಂದು ನೋಡಲು ಹೋದ ಸರ್ಜನ್ ಹರಿಪ್ರಿಯಾ ಬಂಡಿ ಅವರಿಗೆ ಸಿಕ್ಕಿದ್ದು ಎಂಟು ಸೆಂಟಿಮೀಟರ್ ಉದ್ದದ, ದಾರದಂಥ ಕೆಂಪು ಹುಳು. ಅದೂ ಜೀವಂತ, ನುಲಿಯುತ್ತಿತ್ತು!

ಮರುವರ್ಷ ಈ ಸುದ್ದಿ ಎಲ್ಲೆಡೆ ಹರಿದಾಡಿದಾಗ ನೀವೂ ಓದಿ ‘ಅಯ್ಯಪ್ಪಾ’ ಅಂದಿರಬಹುದು. ನನಗೆ ಕುತೂಹಲ ಹುಟ್ಟಿಸಿದ್ದು ಅದರ ಮುಂದಿನ ಭಾಗ. ಇದು ಯಾವ ಹುಳು ಅಂತ ಕಂಡುಹಿಡಿದದ್ದು ಹೇಗೆ?

ಆ ಮಹಿಳೆಗೆ 2021ರ ಜನವರಿಯಿಂದಲೇ ಹೊಟ್ಟೆನೋವು, ಕೆಮ್ಮು, ರಾತ್ರಿ ಬೆವರು. ಆಮೇಲೆ ಮರೆವು, ಖಿನ್ನತೆ. ರಕ್ತದಲ್ಲಿ ಇಯೊಸಿನೊಫಿಲ್ ಕಣಗಳು ಏರಿದ್ದವು. ಹುಳುಬಾಧೆಯಲ್ಲಿ ಹೀಗಾಗುವುದುಂಟು. ಆದರೆ ಮಲ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಸಿಗೋದೂ ಇಲ್ಲ ಬಿಡಿ. ಆ ಪರೀಕ್ಷೆಯಲ್ಲಿ ಹೆಚ್ಚಾಗಿ ಹುಡುಕೋದು ಮೊಟ್ಟೆಗಳನ್ನು. ಈ ಹುಳು ಬೆಳೆದು ಮೊಟ್ಟೆ ಇಡೋದು ಹಾವಿನ ಹೊಟ್ಟೆಯಲ್ಲಿ ಮಾತ್ರ, ಮನುಷ್ಯನೊಳಗೆ ಅದು ಮರಿಯಾಗಿಯೇ ಉಳಿದು ಅಲೆಯುತ್ತದೆ.

ಗುರುತು ಹಿಡಿಯುವ ಮೊದಲ ಹೆಜ್ಜೆ ಕಣ್ಣಿನದೇ. ಚಪ್ಪಟೆಯಾಗಿ, ತುಂಡು ತುಂಡಾಗಿದ್ದರೆ ಲಾಡಿಹುಳು. ದುಂಡಗೆ ನುಣುಪಾಗಿದ್ದರೆ ದುಂಡುಹುಳು. ಇದು ಎರಡನೆಯದು. ಜೀವಂತವಾಗಿಯೇ ಅದನ್ನು ಪರಾವಲಂಬಿಗಳಲ್ಲಿ ಪಳಗಿದ ವಿಜ್ಞಾನಿಯೊಬ್ಬರ ಬಳಿ ಕಳಿಸಿದರು. ಅದರ ಕೆಂಪು ಬಣ್ಣ, ಬಾಯಿಯ ಸುತ್ತಲಿನ ಮೂರು ತುಟಿ ನೋಡಿಯೇ ಅವರು ಹೆಸರು ಹೇಳಿಬಿಟ್ಟರು: ಒಫಿಡಾಸ್ಕರಿಸ್ ರಾಬರ್ಟ್ಸಿ. ಕಾರ್ಪೆಟ್ ಪೈಥಾನ್ ಎಂಬ ಹೆಬ್ಬಾವಿನ ಹುಳು. ಜೀನ್ ಪರೀಕ್ಷೆಯೂ ಅದನ್ನೇ ಹೇಳಿತು. ಮನುಷ್ಯರಲ್ಲಿ ಕಂಡದ್ದು ಅದೇ ಮೊದಲು.

ಹೆಸರು ಸಿಕ್ಕ ಮೇಲೆ ದಾರಿಯೂ ಹೊಳೆಯಿತು. ಹೆಬ್ಬಾವಿನ ಹಿಕ್ಕೆಯಲ್ಲಿ ಹುಳುವಿನ ಮೊಟ್ಟೆ ಇರುತ್ತೆ. ಅದನ್ನು ಸಣ್ಣ ಪ್ರಾಣಿಗಳು ತಿನ್ನುತ್ತವೆ, ಅವನ್ನು ಹೆಬ್ಬಾವು ನುಂಗುತ್ತದೆ. ಆ ಮಹಿಳೆ ಮನೆ ಹತ್ತಿರದ ಕೆರೆ ದಂಡೆಯಿಂದ ವಾರಿಗಲ್ ಸೊಪ್ಪು ಕಿತ್ತು ತಂದು ಅಡುಗೆಗೆ ಬಳಸುತ್ತಿದ್ದರು. ಅಲ್ಲಿ ಹೆಬ್ಬಾವುಗಳೂ ಇದ್ದವು. ಮೊಟ್ಟೆ ಸೊಪ್ಪಿಗೋ ಕೈಗೋ ಅಂಟಿ ಬಂದಿರಬೇಕು ಅನ್ನೋದು ವೈದ್ಯರ ಊಹೆ. (ಕಾಡುಸೊಪ್ಪು ತಂದರೆ ನಾಲ್ಕು ನೀರಲ್ಲಿ ತೊಳೆಯೋ ನಮ್ಮ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.)

ಎಲ್ಲ ಸಲ ಕಣ್ಣನ್ನೇ ನಂಬೋಕಾಗಲ್ಲ. ಹಾವಿನ ಶ್ವಾಸಕೋಶದಲ್ಲಿ ಪೆಂಟಾಸ್ಟೊಮ್ ಅನ್ನೋ ಜೀವಿಗಳಿರುತ್ತವೆ. ಹೆಸರಿನ ಅರ್ಥ ‘ಐದು ಬಾಯಿ’. ನಿಜಕ್ಕೂ ಬಾಯಿ ಒಂದೇ, ಉಳಿದ ನಾಲ್ಕು ಕೊಕ್ಕೆಗಳು. ನೋಡೋಕೆ ಅಪ್ಪಟ ಹುಳು. ಆದರೆ 1989ರಲ್ಲಿ ಜೀನ್ ಹೋಲಿಸಿ ನೋಡಿದರೆ ಇವು ಸಿಗಡಿ, ಏಡಿಗಳ ಬಳಗ! ಮೀನಿಗೆ ಹತ್ತುವ ಹೇನಿನ ಹತ್ತಿರದ ನೆಂಟರು. ವೀರ್ಯಾಣುವಿನ ರಚನೆ ನೋಡಿದವರು ಅದಕ್ಕೂ ಮೊದಲೇ ಹೀಗೆ ಹೇಳಿದ್ದರು. ಹುಳುವಿನ ಔಷಧಿ ಏಡಿಯ ನೆಂಟನ ಮೇಲೂ ಹಾಗೇ ಕೆಲಸ ಮಾಡುತ್ತೆ ಅಂತ ನಂಬಿ ಕೂರೋಕಾಗುತ್ತಾ?

ಕ್ಯಾನ್‌ಬೆರಾದಲ್ಲಿ ಆಪರೇಷನ್‌ಗೇ ಕಥೆ ಮುಗಿಯಲಿಲ್ಲ. ಬೇರೆ ಅಂಗಗಳಲ್ಲೂ ಮರಿಗಳಿರಬಹುದೆಂದು ಐವರ್‌ಮೆಕ್ಟಿನ್, ಆಲ್ಬೆಂಡಜೋಲ್ ಎರಡನ್ನೂ ಕೊಟ್ಟರು. ಹುಳು ಸತ್ತಾಗ ಊತ ಬರಬಾರದೆಂದು ಜೊತೆಗೆ ಸ್ಟೆರಾಯ್ಡ್. ಆರು ತಿಂಗಳ ನಂತರ ಇಯೊಸಿನೊಫಿಲ್ ಲೆಕ್ಕ ಸರಿಯಾಗಿತ್ತು. ಮರೆವು, ಖಿನ್ನತೆ ಕಡಿಮೆಯಾಗಿದ್ದವು, ಪೂರ್ತಿ ಹೋಗಿರಲಿಲ್ಲ.