ಕೌಬಾಯ್ ರಿವಾಲ್ವರ್‌ಗೆ ಯಾವ ಕ್ಯಾಲಿಬರ್? ಗನ್ ಆಮೇಲೆ, ಮೊದಲು ಗುಂಡಿನ ಲೆಕ್ಕ

1/6

ರೆಡ್ ಡೆಡ್ ರಿಡೆಂಪ್ಶನ್ 2 ಆಡಿರೋರು ಒಂದ್ಸಲ ನೆನಪಿಸ್ಕೊಳ್ಳಿ. ಸೊಂಟದಲ್ಲಿ ಕ್ಯಾಟಲ್‌ಮನ್ ಇರಲಿ, ಸ್ಕೋಫೀಲ್ಡ್ ಇರಲಿ, ಅಂಗಡಿಗೆ ಹೋದ್ರೆ ಕೊಳ್ಳೋದು ಒಂದೇ ಸಾಮಾನು: ರಿವಾಲ್ವರ್ ಕಾರ್ಟ್ರಿಜ್. ಯಾವ ರಿವಾಲ್ವರ್‌ಗೆ ಹಾಕಿದ್ರೂ ಕೂತ್ಕೊಳ್ಳುತ್ತೆ, ಹೊಡೆಯುತ್ತೆ. ಆಟಕ್ಕೆ ಅದು ಸರಿ, ಇಲ್ಲಾಂದ್ರೆ ಯಾರೂ ಆಡ್ತಾ ಇರ್ಲಿಲ್ಲ. ಆದ್ರೆ ಅಮೆರಿಕದಲ್ಲಿ ಅವತ್ತಿನ ಕೌಬಾಯ್‌ಗೂ, ಇವತ್ತು ಹವ್ಯಾಸಕ್ಕೆ ಅಂತ ಹಳೇ ಮಾದರಿ ರಿವಾಲ್ವರ್ ಕೊಳ್ಳೋನಿಗೂ ನಿಜವಾದ ತಲೆನೋವು ಇಲ್ಲೇ ಇರೋದು.

ಹೋದ ಪೋಸ್ಟ್ ಕೆಳಗೆ ಅರ್ಧ ಕಾಮೆಂಟ್ ಒಂದೇ ಥರ ಇದ್ವು: "ನಂಬರ್ ದೊಡ್ಡದಿದ್ರೆ ಪವರ್ ಜಾಸ್ತಿ, .45 ತಗೊಳ್ಳೋದೇ ಗುರು." ನಾನು ಒಪ್ಪಲ್ಲ. ಗನ್ ಒಂದ್ಸಲ ಕೊಳ್ಳೋದು. ಗುಂಡು ಜೀವನಪೂರ್ತಿ ಕೊಳ್ಳೋದು. ಕ್ಯಾಲಿಬರ್ ಆರಿಸೋದು ಅಂದ್ರೆ ಪವರ್ ಆರಿಸೋದಲ್ಲ, ಒಂದು ಬಿಲ್ ಆರಿಸೋದು.

ಈ ವಿಷಯ ನನ್ನ ತಲೆಗೆ ಹತ್ತಿದ್ದು ನಮ್ಮ ದೊಡ್ಡಪ್ಪನ ಮಗನಿಂದ. ಅಣ್ಣ ಟೆಕ್ಸಾಸ್‌ನಲ್ಲಿದ್ದಾನೆ, ಅಲ್ಲಿನ ಸಿಟಿಜನ್. ಅಲ್ಲಿ ಕೌಬಾಯ್ ಶೂಟಿಂಗ್ ಅಂತ ಒಂದು ಸ್ಪೋರ್ಟ್ ಇದೆ, ಅದಕ್ಕೆ ಸೇರ್ಕೊಂಡಿದ್ದಾನೆ. "ನೀನು ಬಿಕಾಂ ಅಲ್ವಾ, ಈ ಖರ್ಚು ಸ್ವಲ್ಪ ನೋಡು" ಅಂತ ಎಕ್ಸೆಲ್ ಶೀಟ್ ಕಳಿಸಿದ. ಅವನ ಮನಸ್ಸೆಲ್ಲ .45 ಕೋಲ್ಟ್ ಮೇಲೆ. ನನ್ನ ಓಟು .357ಗೆ. ಎರಡು ವಾರದಿಂದ ವಾಟ್ಸಾಪ್‌ನಲ್ಲಿ ಇದೇ ಜಗಳ.

2/6

ಮೊದಲು ಎರಡು ವಿಷಯ ಕ್ಲಿಯರ್ ಆಗ್ಲಿ.

ಸಿಂಗಲ್ ಆ್ಯಕ್ಷನ್ ಅಂದ್ರೆ ಟ್ರಿಗರ್‌ಗೆ ಇರೋದು ಒಂದೇ ಕೆಲಸ, ಹ್ಯಾಮರ್ ಬೀಳಿಸೋದು. ಆ ಹ್ಯಾಮರನ್ನ ಪ್ರತಿ ಸಲ ಹೆಬ್ಬೆರಳಿಂದ ನೀವೇ ಹಿಂದಕ್ಕೆ ಎಳೀಬೇಕು, ಆಗ ಸಿಲಿಂಡರ್ ಒಂದು ಮನೆ ತಿರುಗುತ್ತೆ. ಗುಂಡು ತುಂಬೋದೂ ಪಕ್ಕದ ಸಣ್ಣ ಬಾಗಿಲಿಂದ ಒಂದೊಂದೇ. ಖಾಲಿ ಕೇಸ್ ತೆಗೆಯೋದೂ ಒಂದೊಂದೇ, ಕಡ್ಡಿಯಿಂದ ತಳ್ಳಿ. ನಿಧಾನದ ಯಂತ್ರ.

ಶೋಲೆಯ ಗಬ್ಬರ್ ಸೀನ್ ಎಲ್ರಿಗೂ ಗೊತ್ತು, ನಮ್ಮ ರಾಮನಗರದ ಬಂಡೆಗಳ ಮಧ್ಯೆನೇ ಶೂಟ್ ಆಗಿದ್ದು: ಆರು ಮನೆ, ಮೂರು ಗುಂಡು, ಮೂರು ಜನ. ನಿಜವಾದ ಹಳೇ ಕೋಲ್ಟ್‌ನಲ್ಲಿ ಆರು ಮನೆ ಇದ್ರೂ ತಿಳಿದೋರು ತುಂಬ್ತಾ ಇದ್ದಿದ್ದು ಐದೇ. ಹ್ಯಾಮರ್ ಕೆಳಗಿದ್ದಾಗ ಅದರ ಮೊನೆ ನೇರ ಗುಂಡಿನ ಹಿಂಭಾಗಕ್ಕೆ ತಾಗಿರುತ್ತೆ. ಗನ್ ಕೈ ಜಾರಿ ಬಿದ್ರೆ ಢಂ. ಹಾಗಾಗಿ ಹ್ಯಾಮರ್ ಕೆಳಗಿನ ಮನೆ ಖಾಲಿ. ರೂಗರ್ ಕಂಪನಿ 1973ರಲ್ಲಿ ಒಳಗೊಂದು ಸುರಕ್ಷತಾ ಪಟ್ಟಿ ಸೇರಿಸಿದ ಮೇಲೆ ಅವರ ರಿವಾಲ್ವರ್‌ಗಳಲ್ಲಿ ಆರೂ ತುಂಬಬಹುದು. ಆದ್ರೂ ಕೌಬಾಯ್ ಸ್ಪರ್ಧೆಗಳಲ್ಲಿ ಇವತ್ತಿಗೂ ಐದೇ.

ಇನ್ನು ಕ್ಯಾಲಿಬರ್. ಸುಮಾರಾಗಿ ನಳಿಗೆಯ ಒಳಗಿನ ಅಗಲ, ಇಂಚಿನ ಲೆಕ್ಕದಲ್ಲಿ. .45 ಅಂದ್ರೆ 0.45 ಇಂಚು, ಹನ್ನೊಂದೂವರೆ ಮಿಲಿಮೀಟರ್ ಹತ್ತಿರ. ಆದ್ರೆ ಹೆಸರು ನಂಬಬೇಡಿ. .38 ಸ್ಪೆಷಲ್ ಗುಂಡಿನ ನಿಜವಾದ ಅಗಲ 0.357 ಇಂಚು. .38-40 ಅನ್ನೋ ಹಳೇ ಗುಂಡಿನದ್ದು 0.40. .38 ಸ್ಪೆಷಲ್ ಮತ್ತು .357 ಮ್ಯಾಗ್ನಂ ಹೆಸರಲ್ಲಿ ಬೇರೆ ಬೇರೆ, ಅಗಲದಲ್ಲಿ ಒಂದೇ. ಮ್ಯಾಗ್ನಂ ಕೇಸ್ ಸ್ವಲ್ಪ ಉದ್ದ, ಅಷ್ಟೆ. ಉದ್ದ ಮಾಡಿದ್ದೂ ಬೇಕಂತಲೇ, ಜಾಸ್ತಿ ಒತ್ತಡದ ಗುಂಡು ಹಳೇ .38 ಗನ್ ಒಳಗೆ ಹೋಗಬಾರದು ಅಂತ. ಅದಕ್ಕೇ .357 ರಿವಾಲ್ವರ್‌ನಲ್ಲಿ ಎರಡೂ ಹೊಡೀಬಹುದು, .38ರಲ್ಲಿ .38 ಮಾತ್ರ. ಇದನ್ನ ಹಾಗೇ ನೆನಪಲ್ಲಿಡಿ, ಮುಂದೆ ಬೇಕು.

3/6

ಅಣ್ಣನ ದೊಡ್ಡ ವಾದ ಇತಿಹಾಸ. "1873ರಲ್ಲಿ ಅಮೆರಿಕದ ಸೈನ್ಯ ಕೋಲ್ಟ್ ಸಿಂಗಲ್ ಆ್ಯಕ್ಷನ್ ಆರ್ಮಿ ತಗೊಂಡಿದ್ದು .45ರಲ್ಲಿ. ಕೌಬಾಯ್ ಗನ್ ಅಂದ್ರೆ ಅದೇ. ಬೇರೆ ಏನು ತಗೊಂಡ್ರೂ ಡೂಪ್ಲಿಕೇಟ್." ಮೊದಲ ಮಾತು ನಿಜ. ಆದ್ರೆ ಅಣ್ಣ ಸೈನ್ಯದ ಕಥೆ ಹೇಳ್ತಿದ್ದಾನೆ, ದನ ಕಾಯೋನ ಕಥೆ ಅಲ್ಲ.

ಸೈನ್ಯಕ್ಕೆ ಗುಂಡು ಸರ್ಕಾರ ಕಳಿಸುತ್ತೆ. ದನ ಕಾಯೋನು ತನ್ನ ದುಡ್ಡಲ್ಲಿ, ದಾರಿಯಲ್ಲಿ ಸಿಗೋ ಯಾವುದೋ ಅಂಗಡಿಯಲ್ಲಿ ಕೊಳ್ಳಬೇಕು. ಅವನ ಹತ್ರ ರಿವಾಲ್ವರ್ ಜೊತೆ ಒಂದು ರೈಫಲ್ಲೂ ಇರಬಹುದು. ಅದೇ 1873ರಲ್ಲಿ ವಿಂಚೆಸ್ಟರ್ ಕಂಪನಿ ಹೊಸ ಲಿವರ್ ರೈಫಲ್ ತಂತು, .44-40 ಅನ್ನೋ ಗುಂಡಿನ ಜೊತೆ. .44 ಅಗಲಕ್ಕೆ, 40 ಒಳಗಿನ ಕರಿ ಮದ್ದಿನ ತೂಕಕ್ಕೆ, ಗ್ರೇನ್ ಲೆಕ್ಕ. ರೈಫಲ್ ಚೆನ್ನಾಗಿ ಓಡ್ತು. ಕೋಲ್ಟ್‌ನೋರು ಇದನ್ನ ನೋಡಿ 1878ರಿಂದ ತಮ್ಮ ರಿವಾಲ್ವರನ್ನೂ .44-40ರಲ್ಲಿ ಮಾಡೋಕೆ ಶುರು ಮಾಡಿದ್ರು. ನಳಿಗೆ ಮೇಲೆ ಫ್ರಾಂಟಿಯರ್ ಸಿಕ್ಸ್ ಶೂಟರ್ ಅಂತ ಹೆಸರು. ಒಂದೇ ಪಟ್ಟಿ, ಒಂದೇ ಥರದ ಗುಂಡು, ಎರಡು ಗನ್. ಯೋಚಿಸಿ, ಪ್ರತಿಸ್ಪರ್ಧಿ ಕಂಪನಿಯ ಗುಂಡಿಗೆ ತನ್ನ ಗನ್ ಹೊಂದಿಸಿಕೊಳ್ತು ಕೋಲ್ಟ್! ನಮ್ಮ ಮಾರ್ಕೆಟಿಂಗ್ ಪೇಪರ್‌ಗೆ ಇದಕ್ಕಿಂತ ಒಳ್ಳೇ ಕೇಸ್ ಸ್ಟಡಿ ಬೇಕಾ?

.45 ಕೋಲ್ಟ್‌ಗೆ ಈ ಭಾಗ್ಯ ಆ ಕಾಲದಲ್ಲಿ ಸಿಗಲೇ ಇಲ್ಲ. 19ನೇ ಶತಮಾನದಲ್ಲಿ ಆ ಗುಂಡಿಗೆ ಯಾವ ಲಿವರ್ ರೈಫಲ್ಲೂ ಬರಲಿಲ್ಲ. ಸಿನಿಮಾದಲ್ಲಿ ಹೀರೋ .45 ರಿವಾಲ್ವರ್, .45 ರೈಫಲ್ ಜೋಡಿ ಹಿಡ್ಕೊಂಡ್ರೆ ಅದು ಇತ್ತೀಚಿನ ಕಾಲದ ಜೋಡಿ.

ಸೈನ್ಯವೂ ಈ ಪಾಠ ಕಲಿತಿದೆ. ಕೋಲ್ಟ್ ಜೊತೆಗೆ ಸ್ಮಿತ್ ಆ್ಯಂಡ್ ವೆಸನ್‌ನ ಸ್ಕೋಫೀಲ್ಡ್ ರಿವಾಲ್ವರನ್ನೂ ತಗೊಂಡ್ರು. ಅದೂ .45, ಆದ್ರೆ ಸಿಲಿಂಡರ್ ಗಿಡ್ಡ, ಕೋಲ್ಟ್‌ನ ಉದ್ದದ ಗುಂಡು ಅದರಲ್ಲಿ ಕೂರಲ್ಲ. ಗಿಡ್ಡ ಗುಂಡು ಎರಡರಲ್ಲೂ ಕೂರುತ್ತೆ. ಕೊನೆಗೆ ಸೈನ್ಯ ಗಿಡ್ಡ ಗುಂಡನ್ನೇ ಒಪ್ಪಿಕೊಳ್ತು. ಪವರ್ ಕಮ್ಮಿ ಆಯ್ತು, ಗೋದಾಮಿನ ಗೊಂದಲ ಹೋಯ್ತು. ಆಟದಲ್ಲಿ ಇದೇ ಸ್ಕೋಫೀಲ್ಡ್‌ಗೆ ನೀವು ಕಣ್ಣು ಮುಚ್ಚಿ ಗುಂಡು ತುಂಬ್ತೀರಲ್ಲ!

4/6

ಈಗ ಲೆಕ್ಕ.

ಸಿಂಗಲ್ ಆ್ಯಕ್ಷನ್ ಶೂಟಿಂಗ್ ಸೊಸೈಟಿ ಅಂತ 1987ರಲ್ಲಿ ಶುರುವಾದ ಸಂಸ್ಥೆ ಇದೆ. ಕೌಬಾಯ್ ಶೂಟಿಂಗ್‌ನ ರೂಲ್ಸ್ ಅವರದ್ದು. ಎರಡು ಸಿಂಗಲ್ ಆ್ಯಕ್ಷನ್ ರಿವಾಲ್ವರ್, ಒಂದು ಲಿವರ್ ರೈಫಲ್, ಒಂದು ಹಳೇ ಮಾದರಿ ಶಾಟ್‌ಗನ್. ಹತ್ತಿರದಲ್ಲೇ ನಿಲ್ಲಿಸಿರೋ ಕಬ್ಬಿಣದ ಫಲಕಗಳಿಗೆ ಹೊಡೀಬೇಕು. ಗಡಿಯಾರ ಓಡ್ತಾ ಇರುತ್ತೆ, ತಪ್ಪಿದ ಪ್ರತಿ ಗುಂಡಿಗೆ ಐದು ಸೆಕೆಂಡ್ ದಂಡ. ಎಲ್ರಿಗೂ ಕೌಬಾಯ್ ಹೆಸರು, ಕೌಬಾಯ್ ಡ್ರೆಸ್. ಅಣ್ಣನ ಹೆಸರು ಮಾತ್ರ ನಾನು ಹೇಳಲ್ಲ, ಮನೆಯೋರು ನಗ್ತಾರೆ.

ಒಂದು ಸುತ್ತಿಗೆ ಸಾಮಾನ್ಯವಾಗಿ ರಿವಾಲ್ವರ್ ಗುಂಡು 10, ರೈಫಲ್ ಗುಂಡು 10. ಆರು ಸುತ್ತಿನ ಪಂದ್ಯ ಅಂದ್ರೆ 120. ತಿಂಗಳಿಗೊಂದು ಪಂದ್ಯ, ವರ್ಷಕ್ಕೆ 1,440. ಪ್ರಾಕ್ಟೀಸ್‌ಗೆ ಇನ್ನೂ ಅಷ್ಟೇ ಇಟ್ಕೊಳ್ಳಿ, 2,880. ಅಲ್ಲಿ .38 ಸ್ಪೆಷಲ್‌ಗಿಂತ .45 ಕೋಲ್ಟ್ ದುಬಾರಿ. ಎಷ್ಟು ಅನ್ನೋದು ಅಂಗಡಿ, ಸಮಯ ನೋಡಿ ಬದಲಾಗುತ್ತೆ. ಲೆಕ್ಕಕ್ಕೆ ಅಂತ ಗುಂಡಿಗೆ 30 ಸೆಂಟ್ ವ್ಯತ್ಯಾಸ ಹಿಡಿದ್ರೂ ವರ್ಷಕ್ಕೆ 864 ಡಾಲರ್. ಮೊದಲ ವರ್ಷದ ಲೆಕ್ಕ ಅಷ್ಟೇ ಇದು. ಫಿಕ್ಸೆಡ್ ಕಾಸ್ಟ್ ನೋಡಿ ಖುಷಿಪಟ್ಟು ವೇರಿಯಬಲ್ ಕಾಸ್ಟ್ ಮರೆಯೋದು ಅಂದ್ರೆ ಇದೇ. ಅಗ್ಗದ ಪ್ರಿಂಟರ್ ತಂದು ಇಂಕ್ ಕೊಳ್ಳೋವಾಗ ಅಳೋ ಜನ ನಮ್ಮ ಕ್ಲಾಸಲ್ಲೇ ಇದ್ದಾರೆ.

"ನಾನು ಖಾಲಿ ಕೇಸ್‌ಗೆ ಮನೇಲೇ ಮತ್ತೆ ಗುಂಡು ತುಂಬ್ಕೋತೀನಿ" ಅಂದ ಅಣ್ಣ. ಸರಿ, ಅದನ್ನೂ ನೋಡೋಣ. ಒಂದು ಪೌಂಡ್ ಸೀಸ ಅಂದ್ರೆ 7,000 ಗ್ರೇನ್. 125 ಗ್ರೇನಿನ .38 ಗುಂಡು ಮಾಡಿದ್ರೆ 56 ಬರುತ್ತೆ. 250 ಗ್ರೇನಿನ .45 ಗುಂಡು ಮಾಡಿದ್ರೆ 28. ಅರ್ಧಕ್ಕರ್ಧ! ಫಲಕಕ್ಕೆ ತಾಗಿದ್ರೆ ಎರಡಕ್ಕೂ ಒಂದೇ ಬೆಲೆ.

ಪವರ್ ಬೇಕು ಅನ್ನೋರಿಗೆ: ಈ ಸ್ಪರ್ಧೆಯಲ್ಲಿ ರಿವಾಲ್ವರ್ ಗುಂಡಿನ ವೇಗ ಸೆಕೆಂಡಿಗೆ 1,000 ಅಡಿ ದಾಟಬಾರದು ಅಂತ ರೂಲ್ ಇದೆ. ನಿಮ್ಮ ಮ್ಯಾಗ್ನಂ ಗರ್ಜನೆಗೆ ಅಲ್ಲಿ ಜಾಗ ಇಲ್ಲ.

ಇನ್ನೊಂದು ವಿಷಯ, ನಂಗೆ ತುಂಬಾ ಇಷ್ಟ ಆಗಿದ್ದು. ಒಂದೇ ಮಾಡೆಲ್ ರಿವಾಲ್ವರ್ .357ರಲ್ಲೂ .45ರಲ್ಲೂ ಬರುತ್ತೆ ಅಂತಿಟ್ಕೊಳ್ಳಿ, ರೂಗರ್ ನ್ಯೂ ವಕೇರೋ ಥರ. ಯಾವುದು ಭಾರ? .357. ಸಿಲಿಂಡರ್, ನಳಿಗೆಯ ಹೊರ ಅಳತೆ ಒಂದೇ, ತೂತು ಸಣ್ಣದು, ಹಾಗಾಗಿ ಉಳಿದ ಕಬ್ಬಿಣ ಜಾಸ್ತಿ. ಭಾರದ ಗನ್, ಹಗುರ .38 ಗುಂಡು. ಕೈಗೆ ಒದೆತ ಕಮ್ಮಿ. ಒದೆತಕ್ಕೆ ಹೆದರಿ ಟ್ರಿಗರ್ ಎಳೆಯೋ ಮುಂಚೆನೇ ಕಣ್ಣು ಮುಚ್ಚೋ ಅಭ್ಯಾಸ ಒಮ್ಮೆ ಹತ್ತಿದ್ರೆ ಬಿಡಿಸೋದು ಕಷ್ಟ. ಹೊಸಬರಿಗೆ ಅದು ಹತ್ತದೇ ಇರೋದು ಮುಖ್ಯ.

5/6

.45ಗೆ ಹೇಳೋಕೆ ಏನೂ ಇಲ್ವಾ? ಇದೆ. ದೊಡ್ಡ ಸೀಸ ಫಲಕಕ್ಕೆ ಬಡಿದಾಗ ಬರೋ ಶಬ್ದಕ್ಕೇ ಜನ ದುಡ್ಡು ಕೊಡ್ತಾರೆ. ಮೂಲ 1873ರ ಅನುಭವ ಬೇಕು ಅನ್ನೋನಿಗೆ, ಅದರಲ್ಲೂ ಕರಿ ಮದ್ದು ಹಾಕಿ ಹೊಗೆ ಎಬ್ಬಿಸೋ ಆಸೆ ಇರೋನಿಗೆ .45 ಅಥವಾ .44-40 ಮಜಾ ಬೇರೆ. ಅದನ್ನ ಕಿತ್ಕೊಳ್ಳೋಕೆ ನಾನ್ಯಾರು. ಆದ್ರೆ ಹೊಗೆರಹಿತ ಮದ್ದು ಸ್ವಲ್ಪ ಹಾಕಿ ಮೆತ್ತಗೆ ಹೊಡೀತೀನಿ ಅಂದ್ರೆ .45ರ ದೊಡ್ಡ ಕೇಸ್ ಸಹಕರಿಸಲ್ಲ. ಹಂಡೆಯಲ್ಲಿ ಒಂದು ಲೋಟ ಅಕ್ಕಿ ಬೇಯಿಸಿದ ಹಾಗೆ. ಕೇಸ್ ಗೋಡೆ ಸರಿಯಾಗಿ ಉಬ್ಬದೆ ಮಸಿ ಹಿಂದಕ್ಕೆ ಬರುತ್ತೆ.

ಇಲ್ಲಿ ನಿಜವಾಗ್ಲೂ ಅಪಾಯದ ವಿಷಯ ಒಂದಿದೆ. ಮಾಮೂಲಿ .45 ಕೋಲ್ಟ್ ಗುಂಡಿನ ಗರಿಷ್ಠ ಒತ್ತಡ ಚದರ ಇಂಚಿಗೆ 14,000 ಪೌಂಡ್. .357 ಮ್ಯಾಗ್ನಂ 35,000. ಆದ್ರೆ ಮಾರ್ಕೆಟ್‌ನಲ್ಲಿ ದೊಡ್ಡ ಫ್ರೇಮಿನ ಗಟ್ಟಿ ಗನ್‌ಗಳಿಗೆ ಅಂತಲೇ ಮಾಡಿದ, ಮಾಮೂಲಿಗಿಂತ ತುಂಬಾ ಜೋರಾದ .45 ಕೋಲ್ಟ್ ಗುಂಡೂ ಸಿಗುತ್ತೆ. ಹೆಸರು ಒಂದೇ, ಅಳತೆ ಒಂದೇ, ಕೋಲ್ಟ್‌ನ ನಕಲು ರಿವಾಲ್ವರ್‌ನಲ್ಲಿ ಆರಾಮಾಗಿ ಕೂತೂ ಬಿಡುತ್ತೆ. ಸಿಲಿಂಡರ್ ಒಡೆದ್ರೆ ಬೆರಳು ಉಳಿಯೋದು ಅದೃಷ್ಟ. ಆ ಡಬ್ಬಿ ಮೇಲೆ ಎಚ್ಚರಿಕೆ ಬರೆದಿರುತ್ತೆ, ಆದ್ರೆ ಡಬ್ಬಿ ಎಸೆದು ಗುಂಡನ್ನ ಬೇರೆ ಡಬ್ಬಕ್ಕೆ ಸುರಿದಿಟ್ರೆ ಯಾವ ಎಚ್ಚರಿಕೆ? .38/.357 ಜೋಡಿಯಲ್ಲಿ ಕೇಸ್ ಉದ್ದನೇ ಕಾವಲು ಕಾಯುತ್ತೆ ಅಂತ ಆಗ್ಲೇ ಹೇಳಿದ್ನಲ್ಲ. .45ರಲ್ಲಿ ಆ ಕಾವಲಿಲ್ಲ. ನಂಗೆ ದುಡ್ಡಿಗಿಂತ ಈ ಕಾರಣ ದೊಡ್ಡದು.

.44 ಮ್ಯಾಗ್ನಂ ಕೇಳಿದೋರಿಗೆ: ಕಾಡು, ಬೇಟೆ, ಕರಡಿ ಇರೋ ಜಾಗದವರ ಮಾತು ಅದು. ಕಬ್ಬಿಣದ ಫಲಕ ಕರಡಿ ಅಲ್ಲ.

.44-40? ಇತಿಹಾಸದಲ್ಲಿ ಗೆದ್ದಿದ್ದು ಅದೇ, ಹಾಗಾದ್ರೆ ಅದನ್ನೇ ತಗೋಬಾರದಾ ಅಂತ ಅಣ್ಣ ಕಾಲೆಳೆದ. ಅವತ್ತು ಅದು ಗೆದ್ದಿದ್ದು ರಿವಾಲ್ವರ್‌ಗೂ ರೈಫಲ್‌ಗೂ ಒಂದೇ ಗುಂಡು ಆಗಿದ್ದಕ್ಕೆ. ಇವತ್ತು ಅದನ್ನ ಹುಡುಕಿಕೊಂಡು ಹೋಗಬೇಕು, ಕೇಸ್ ಬಾಯಿ ತೆಳು, ಮನೇಲಿ ತುಂಬೋವಾಗ ಸುಲಭವಾಗಿ ಮುದುಡುತ್ತೆ. 1878ರ ಕೌಬಾಯ್ ಇವತ್ತು ಅಂಗಡಿಗೆ ಬಂದ್ರೆ .38 ಡಬ್ಬಿನೇ ಎತ್ಕೊಂಡು ಹೋಗ್ತಿದ್ದ. ಅದಕ್ಕೇ ಲಿವರ್ ರೈಫಲ್ಲೂ ಸಿಗುತ್ತೆ, ಎರಡು ರಿವಾಲ್ವರ್ ಒಂದು ರೈಫಲ್ಲಿಗೆ ಒಂದೇ ಡಬ್ಬಿ. ಹೀಗೆ ನೋಡಿದ್ರೆ ಅಣ್ಣನ .45ಗಿಂತ ನನ್ನ .357ನೇ ಜಾಸ್ತಿ ಕೌಬಾಯ್.

6/6

"ನಮ್ಮಲ್ಲಿ ಸಿಗುತ್ತಾ" ಅಂತ ಡಿಎಂ ಮಾಡಿದೋರಿಗೆಲ್ಲ ಇಲ್ಲೇ ಉತ್ತರ. ನಮ್ಮ ದೇಶದಲ್ಲಿ ಇದು ಹವ್ಯಾಸಕ್ಕೆ ಆರಿಸೋ ವಿಷಯ ಅಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು, ಕೆಲವು ಬೋರ್‌ಗಳು ಸಾಮಾನ್ಯ ಜನಕ್ಕೆ ನಿಷಿದ್ಧ. ಕಾನ್ಪುರದ ಕಾರ್ಖಾನೆ 2014ರಲ್ಲಿ ಹೆಣ್ಮಕ್ಕಳಿಗೆ ಅಂತ ತಂದ ನಿರ್ಭೀಕ್ ರಿವಾಲ್ವರ್ .32ರದ್ದು. ಇಲ್ಲಿ ಕ್ಯಾಲಿಬರ್ ಆರಿಸೋದು ನಾವಲ್ಲ, ಕಾನೂನು. ಕೊಡಗಿನ ಫ್ರೆಂಡ್ಸ್, ನಿಮ್ಮ ಮನೆ ಕೋವಿಯ ಕಥೆ ಬೇರೆ ಅಂತ ಗೊತ್ತು, ಅದಕ್ಕೆ ಬೇರೆ ಸೀರೀಸೇ ಬೇಕು.

ಅಮೆರಿಕದಲ್ಲಿರೋ ಅಣ್ಣ, ಅಕ್ಕ, ಭಾವಂದಿರಿಗೆ ಇದನ್ನ ಫಾರ್ವರ್ಡ್ ಮಾಡೋರು ಇದೊಂದು ಸೇರಿಸಿ. ಸ್ಪರ್ಧೆ ಗಿರ್ಧೆ ಬೇಡ, ಬರೀ ಹ್ಯಾಮರ್ ಎಳೆಯೋ ಖುಷಿ ಸಾಕು ಅಂದ್ರೆ .22 ಸಿಂಗಲ್ ಆ್ಯಕ್ಷನ್ ತಗೊಳ್ಳಲಿ. ಗನ್ನೂ ಅಗ್ಗ, ಗುಂಡೂ ಅಗ್ಗ, ಒದೆತ ಇಲ್ಲವೇ ಇಲ್ಲ ಅನ್ನಬಹುದು. ಸ್ಪರ್ಧೆಯಲ್ಲಿ ದೊಡ್ಡೋರಿಗೆ ಮಾತ್ರ ನಡೆಯಲ್ಲ, ಅಲ್ಲಿ .32ರಿಂದ ಮೇಲೆ.

ಅಣ್ಣನಿಗೆ ಕೊನೆಗೆ ಹೇಳಿದ್ದು ಇಷ್ಟೇ: ಕೊಳ್ಳೋ ಮುಂಚೆ ಕ್ಲಬ್ಬಿನಲ್ಲಿ ಯಾರದ್ದಾದ್ರೂ .45 ಐದು ಗುಂಡು, .357ರಲ್ಲಿ .38 ಐದು ಗುಂಡು, ಒಂದರ ಹಿಂದೆ ಒಂದು ಹೊಡೆದು ನೋಡು, ಎರಡರ ಟೈಮೂ ಬರ್ಕೋ. ಈ ಶನಿವಾರ ಹೋಗ್ತಿದ್ದಾನೆ. ಎಕ್ಸೆಲ್ ಶೀಟಲ್ಲಿ ಆ ಎರಡು ಕಾಲಂ ಖಾಲಿ ಬಿಟ್ಟು ಕಳಿಸಿದ್ದೀನಿ. ಟೈಮ್ ಬಂದ ತಕ್ಷಣ ಸ್ಟೋರಿಗೆ ಹಾಕ್ತೀನಿ, ಅಲ್ಲೀವರೆಗೆ ನಿಮ್ಮ ಓಟು ಯಾರಿಗೆ ಅಂತ ಕೆಳಗೆ ಹಾಕಿ. "ನಂಬರ್ ದೊಡ್ಡದು" ಅನ್ನೋ ಕಾರಣ ಮಾತ್ರ ಬೇಡ, ಪ್ಲೀಸ್.